ಅನವಧಾನವಾಚಕ ಶಬ್ದಗಳ ವಿವೇಚನೆ

ಒಂದು ಭಾಷೆಯ ಸಂಪತ್ತನ್ನು ಅಳೆಯಬೇಕಾದರೆ ಅದರ ದೊಡ್ಡ ಶಬ್ದಗಳಿಗಿಂತ ಸಣ್ಣ ಶಬ್ದಗಳನ್ನು ಪರೀಕ್ಷಿಸುವುದು ಮೇಲು. ಸತ್ಯ, ಧರ್ಮ, ಸ್ವಾತಂತ್ರ್ಯ ಮೊದಲಾದ ಪದಗಳು ಎಲ್ಲ ಭಾಷೆಗಳಿಗೂ ಹೇಗಾದರೂ ಒದಗುತ್ತವೆ. ಇಲ್ಲದಿದ್ದರೆ ಕಡವಾಗಿಯಾದರೂ ಬರುತ್ತವೆ. ಆದರೆ ಒಬ್ಬನು ಒಂದು ಕೆಲಸವನ್ನು ಮಾಡಿದನೋ, ಅದು ಅವನ ಕೈಯಿಂದ ಆಯಿತೋ. ಅರಿತು ಮಾಡಿದನೋ, ಅರಿಯದೆ ಮಾಡಿದನೋ. ಅರಿಯಬೇಕಾದವನಾಗಿದ್ದೂ ಅರಿಯದೆ ಉಳಿದನೋ, ಎಂಬ ಭೇದಗಳನ್ನು ನುಡಿಯಲ್ಲಿ ಹಿಡಿಯುವುದು ಅಷ್ಟು ಸುಲಭವಲ್ಲ. ಮನುಷ್ಯನ ಮೇಲೆ ಹೊರಿಸತಕ್ಕ ತಪ್ಪಿನ ಭಾರವು ಹೆಚ್ಚಾಗಿ ಈ ಭೇದಗಳನ್ನೇ ಅವಲಂಬಿಸಿರುತ್ತದೆ. ಇಂಗ್ಲಿಷು ಭಾಷೆಯಲ್ಲಿ ಈ ಅರ್ಥದ ಶಬ್ದಗಳ ಒಂದು ದೊಡ್ಡ ಬಳಗವೇ ಇದೆ. ಅವುಗಳನ್ನು ಕನ್ನಡಿಸುವಾಗ ಇತ್ತೀಚೆಗೆ ಕಂಡುಬರುವ ಸಡಿಲತನವೂ, ಆ ಸಡಿಲತನಕ್ಕೆ ಧಾರವಾಡ ಸೀಮೆಯ ಹಳ್ಳಿಯ ಮಾತಿನಲ್ಲಿ ಸಿಗುವ ಪರಿಹಾರವೂ ಈ ವಿಚಾರದ ವಿಷಯಗಳು.

ಮೊದಲು ಇಂಗ್ಲಿಷಿನ ಶಬ್ದಗಳನ್ನು ನೋಡಬೇಕು. ‘ಅನ್‌ವಿಟಿಂಗ್’ ಎಂಬುದರಲ್ಲಿರುವ ‘ವಿಟ್’ ಧಾತುವು ಸಂಸ್ಕೃತದ ‘ವಿದ್’ ಧಾತುವಿನ ಒಡಹುಟ್ಟು. ಆದಕಾರಣ ಆ ಶಬ್ದಕ್ಕೆ ಅರಿವಿಲ್ಲದ ಎಂಬುದೇ ನೇರವಾದ ಅರ್ಥ. ‘ಇನ್‌ಅಡ್ವರ್ಟೆಂಟ್’ ಎಂಬುದು ಲ್ಯಾಟಿನ್ ಮೂಲದ್ದು. ಅತ್ತ ಹೊರಳದ, ಎಂದರೆ ಮನಸ್ಸನ್ನು ಆ ಕಡೆಗೆ ತಿರುಗಿಸದ ಎಂದು ಅದರ ಭಾವ. ಅಲ್ಲಿ ಅರಿವಿಗೆ ಕೊರತೆಯಿಲ್ಲ, ಗಮನಕ್ಕೆ ಕೊರತೆ. ‘ಅಬ್ಲಿವಿಯಸ್’ ಎಂಬುದು ಮೊದಲಿಗೆ ಮರೆವುಳ್ಳವನಿಗೆ ಸಲ್ಲುತ್ತಿದ್ದು, ಕಾಲಕ್ರಮದಲ್ಲಿ ಸುತ್ತಲಿನ ಪರಿವೆಯಿಲ್ಲದವನಿಗೂ ಸಲ್ಲುವಂತಾಯಿತು. ‘ನೆಗ್ಲಿಜೆಂಟ್’ ಎಂದರೆ ಎತ್ತಿಕೊಳ್ಳಬೇಕಾದುದನ್ನು ಎತ್ತಿಕೊಳ್ಳದವನು. ‘ರೆಕ್‌ಲೆಸ್’ ಎಂದರೆ ಚಿಂತೆಯಿಲ್ಲದವನು; ಅಪಾಯವು ಕಂಡರೂ ಅದನ್ನು ಲೆಕ್ಕಿಸದವನು. ‘ಆಕ್ಸಿಡೆಂಟಲ್’ ಎಂದರೆ ತಾನಾಗಿ ಮೇಲೆ ಬಿದ್ದುದು. ಅಲ್ಲಿ ಕರ್ತೃವಿನ ಮನಸ್ಸಿನ ಮಾತೇ ಇಲ್ಲ.

ಈ ಆರು ಶಬ್ದಗಳು ಒಂದೇ ಮೆಟ್ಟಿಲಿನ ಮೇಲೆ ನಿಂತಿಲ್ಲ. ತಾನಾಗಿ ಬಿದ್ದುದರಲ್ಲಿ ತಪ್ಪಿಲ್ಲ. ಅರಿವಿಲ್ಲದೆ ಮಾಡಿದುದರಲ್ಲಿ ತಪ್ಪು ಅಲ್ಪ. ಗಮನ ತಪ್ಪಿದುದರಲ್ಲಿ ಸ್ವಲ್ಪ ಹೆಚ್ಚು. ಮಾಡಬೇಕಾದ ಜೋಕೆಯನ್ನು ಮಾಡದಿರುವುದರಲ್ಲಿ ಇನ್ನೂ ಹೆಚ್ಚು. ಅಪಾಯವನ್ನು ಕಂಡೂ ನುಗ್ಗುವುದರಲ್ಲಿ ಎಲ್ಲಕ್ಕೂ ಹೆಚ್ಚು. ಪರಿವೆಯಿಲ್ಲದ ಸ್ಥಿತಿ ಮಾತ್ರ ಈ ಸಾಲಿನ ಹೊರಗೆ ನಿಲ್ಲುತ್ತದೆ. ಅದು ತಪಸ್ವಿಗೂ ಉಂಟು, ಪ್ರೇಮಿಗೂ ಉಂಟು, ಕುಡಿದವನಿಗೂ ಉಂಟು. ಭಾಷಾಂತರಕಾರನ ಮೊದಲ ಕರ್ತವ್ಯವು ಈ ಮೆಟ್ಟಿಲುಗಳನ್ನು ಕೆಡಿಸದೆ ಉಳಿಸಿಕೊಳ್ಳುವುದು.

ಈಗಿನ ವಾಡಿಕೆಯಾದರೋ ಹೀಗಿದೆ. ಪತ್ರಿಕೆಗಳಲ್ಲಿಯೂ ಸರಕಾರಿ ಕಾಗದಪತ್ರಗಳಲ್ಲಿಯೂ ‘ನಿರ್ಲಕ್ಷ್ಯ’ ಎಂಬ ಒಂದೇ ಶಬ್ದವು ಇವುಗಳಲ್ಲಿ ಅರ್ಧದಷ್ಟನ್ನು ನುಂಗಿಬಿಟ್ಟಿದೆ. ವೈದ್ಯನು ಗಮನ ತಪ್ಪಿದರೆ ನಿರ್ಲಕ್ಷ್ಯ, ಸಾರಥಿಯು ಗಾಡಿಯನ್ನು ಅಡ್ಡಾದಿಡ್ಡಿಯಾಗಿ ಓಡಿಸಿದರೆ ನಿರ್ಲಕ್ಷ್ಯ, ಅಧಿಕಾರಿಯು ಬೇಕೆಂದೇ ಅರ್ಜಿಯನ್ನು ಮೂಲೆಗೆ ಎಸೆದರೂ ನಿರ್ಲಕ್ಷ್ಯ. ಇದರಲ್ಲಿ ದೊಡ್ಡದೊಂದು ದೋಷವುಂಟು. ಕನ್ನಡದ ರೂಢಿಯಲ್ಲಿ ‘ಅವನು ನನ್ನನ್ನು ನಿರ್ಲಕ್ಷಿಸಿದನು’ ಎಂದರೆ ನೋಡಲಿಲ್ಲವೆಂದಲ್ಲ. ನೋಡಿಯೂ ಎಣಿಕೆಗೆ ತರಲಿಲ್ಲವೆಂದು ಅರ್ಥ. ಅದರಲ್ಲಿ ತಿರಸ್ಕಾರದ ಛಾಯೆಯುಂಟು, ಸಂಕಲ್ಪದ ಸುಳಿವುಂಟು. ‘ಉಪೇಕ್ಷೆ’ಯ ಗತಿಯೂ ಹೀಗೆಯೇ. ಯಾವ ಅಪರಾಧದ ಲಕ್ಷಣವೇ ಸಂಕಲ್ಪವಿಲ್ಲದಿರುವುದೋ, ಅದಕ್ಕೆ ಸಂಕಲ್ಪವನ್ನು ಒಳಗೊಂಡ ಶಬ್ದವನ್ನು ಇಡುವುದು ಹೆಸರಿನಲ್ಲಿಯೇ ತೀರ್ಪು ಕೊಟ್ಟಂತೆ. ಇಂಗ್ಲಿಷಿನಲ್ಲಿಯೂ ‘ಇಗ್ನೋರ್’ ಎಂಬ ಕ್ರಿಯಾಪದವು ಮೊದಲು ಅರಿಯದೆ ಇರು ಎಂಬರ್ಥದಲ್ಲಿದ್ದು, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬೇಕೆಂದೇ ಗಮನಿಸದಿರು ಎಂಬರ್ಥಕ್ಕೆ ಹೊರಳಿತು. ಆದರೆ ಆ ಭಾಷೆಯವರು ಅರಿಯದವನಿಗೆ ‘ಇಗ್ನೊರೆಂಟ್’ ಎಂಬ ಬೇರೆ ರೂಪವನ್ನು ಕಾದಿರಿಸಿಕೊಂಡರು. ಕನ್ನಡದ ಇಂದಿನ ಬರವಣಿಗೆಯು ಅಂಥ ಕಾಪನ್ನು ಇಟ್ಟುಕೊಂಡಿಲ್ಲ.

ಕೋಶಗಳು ಈ ತೊಡಕನ್ನು ತಾವಾಗಿ ಬಿಡಿಸಲಾರವು. ರೀವ್ ಎಂಬ ಪಾದ್ರಿಯ ಇಂಗ್ಲಿಷು ಕನ್ನಡ ಕೋಶವು ೧೮೨೪ರಲ್ಲಿಯೂ, ಕಿಟ್ಟೆಲರ ಕನ್ನಡ ಇಂಗ್ಲಿಷು ಕೋಶವು ೧೮೯೪ರಲ್ಲಿಯೂ, ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷು ಕನ್ನಡ ಕೋಶವು ೧೯೪೬ರಲ್ಲಿಯೂ ಹೊರಬಂದವು. ಇವು ಮಹೋಪಕಾರಿಗಳಾದ ಗ್ರಂಥಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪರ್ಯಾಯಪದಗಳನ್ನು ಸಾಲಾಗಿ ನಿಲ್ಲಿಸುವುದು ಕೋಶದ ಧರ್ಮ. ಯಾವ ಸಂದರ್ಭಕ್ಕೆ ಯಾವುದು ಸಲ್ಲುವುದೆಂದು ತೂಗುವುದು ಬರೆಯುವವನ ಧರ್ಮ. ಮೊದಲ ಪದವನ್ನೇ ಎತ್ತಿಕೊಂಡು ಮುಂದೆ ಸಾಗುವವನು ಕೋಶವನ್ನು ದೂರುವುದು ನ್ಯಾಯವಲ್ಲ. ಇನ್ನೂ ಒಂದು ಮಾತುಂಟು. ಕೋಶದ ಸಾಲಿನಲ್ಲಿ ಪದಕ್ಕೆ ಪದ ಸಿಗುತ್ತದೆ. ಆದರೆ ಕನ್ನಡವು ಈ ಅರ್ಥವನ್ನು ಬಹುಮಟ್ಟಿಗೆ ಪದದಲ್ಲಿ ಇಟ್ಟಿಲ್ಲ, ಕ್ರಿಯೆಯ ರೂಪದಲ್ಲಿಯೂ ವಿಭಕ್ತಿಯಲ್ಲಿಯೂ ಇಟ್ಟಿದೆ. ಅದನ್ನು ಕಾಣಬೇಕಾದರೆ ಕೋಶವನ್ನು ಮುಚ್ಚಿ ಮಾತನ್ನು ಕೇಳಬೇಕು.

‘ಅರಿಯದೆ’ ಎಂಬ ಒಂದು ಶಬ್ದವನ್ನೇ ತೆಗೆದುಕೊಳ್ಳಬಹುದು. ಹಳಗನ್ನಡದಲ್ಲಿ ಶಕಟರೇಫದಿಂದ ‘ಅಱಿ’ ಎಂದು ಬರೆಯುತ್ತಿದ್ದ ಈ ಧಾತುವಿಗೆ ನಿಷೇಧವು ಹೊರಗಿನಿಂದ ಬಂದು ಅಂಟಿಕೊಳ್ಳುವುದಿಲ್ಲ. ಕ್ರಿಯೆಯ ಒಳಗೇ ಹೊಕ್ಕು ನಿಲ್ಲುತ್ತದೆ. ಅರಿಯೆಂ, ಅರಿಯೆ, ಅರಿಯಂ ಎಂಬ ಪ್ರತಿಷೇಧರೂಪಗಳು ಭೂತ, ಭವಿಷ್ಯ, ವರ್ತಮಾನಗಳಿಗೆ ಒಂದೇ ಆಗಿದ್ದವು. ಅರಿವಿಲ್ಲದಿರುವುದು ಇಂಥ ಕಾಲದ್ದೆಂದು ಹೇಳುವ ಅಗತ್ಯವು ಆ ರೂಪಕ್ಕೆ ಇರಲಿಲ್ಲ. ಶಿವಶರಣರ ವಚನಗಳಲ್ಲಿ ಅರಿವು ಮರವುಗಳು ಜೋಡಿಶಬ್ದಗಳಾಗಿ ನಿಂತು ತತ್ತ್ವದ ಭಾರವನ್ನೇ ಹೊತ್ತವು. ಇಂಥ ಹಿನ್ನೆಲೆಯುಳ್ಳ ‘ಅರಿಯದೆ’ಯನ್ನು ಬಿಟ್ಟು ‘ಅಜ್ಞಾನದಿಂದ’ ಎಂದು ಬರೆಯುವವರು, ಒಂದು ಗಳಿಗೆಯ ಅರಿವಿಲ್ಲದಿರುವಿಕೆಯನ್ನು ಒಂದು ಜನ್ಮದ ಅವಿದ್ಯೆಯನ್ನಾಗಿ ಮಾಡುತ್ತಾರೆ.

ಇನ್ನು ವಿಭಕ್ತಿಯ ವಿಚಾರ. ‘ನಾನು ಮರೆತೆ’ ಎಂಬುದಕ್ಕೂ ‘ನನಗೆ ಮರೆತುಹೋಯಿತು’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡಿಗನಿಗೆ ಕಲಿಸಿಕೊಡಬೇಕಾಗಿಲ್ಲ. ಮೊದಲನೆಯದರಲ್ಲಿ ಮರೆತವನು ಕರ್ತೃವಾಗಿ ಹೊಣೆಯನ್ನು ಒಪ್ಪುತ್ತಾನೆ; ಎರಡನೆಯದರಲ್ಲಿ ಮರೆವು ಅವನಿಗೆ ಒದಗಿದೆ. ನಗು ಬಂತು, ನಿದ್ದೆ ಹತ್ತಿತು, ಸಿಟ್ಟು ಬಂತು ಎನ್ನುವಾಗಲೂ ಚತುರ್ಥೀ ವಿಭಕ್ತಿಯು ಮನುಷ್ಯನನ್ನು ಮಾಡುವವನ ಪೀಠದಿಂದ ಇಳಿಸಿ ಒದಗಿಸಿಕೊಳ್ಳುವವನ ಪೀಠದಲ್ಲಿ ಕೂಡಿಸುತ್ತದೆ. ‘ಗಡಿಗೆಯನ್ನು ಒಡೆದೆ’ ಎಂಬುದಕ್ಕೂ ‘ನನ್ನ ಕೈಯಿಂದ ಗಡಿಗೆ ಒಡೆಯಿತು’ ಎಂಬುದಕ್ಕೂ ಇದೇ ಅಂತರ. ಅಲ್ಲಿ ಕೈಯುಂಟು, ಮನಸ್ಸಿಲ್ಲ. ಸಹಾಯಕ ಕ್ರಿಯೆಗಳ ಕೆಲಸವೂ ಕಡಿಮೆಯದಲ್ಲ: ‘ಹೇಳಿಬಿಟ್ಟೆ’ ಎಂದರೆ ತಡೆಯಬೇಕಾಗಿದ್ದ ಮಾತು ತಡೆ ಮೀರಿತು, ‘ಆಗಿಹೋಯಿತು’ ಎಂದರೆ ಕೈಮೀರಿತು, ‘ಕಾಲು ಮುರಿದುಕೊಂಡನು’ ಎಂದರೆ ತನ್ನ ಕಾಲೇ ಆದರೂ ಬಯಸಿ ಮುರಿದುದಲ್ಲ. ಕಲಘಟಗಿಯ ತೊಟ್ಟಿಲು ಮಾಡುವ ಬಡಿಗನು ‘ಉಳಿ ಜಾರಿತು’ ಎನ್ನುವುದೂ, ನವಲಗುಂದದ ಜಮಖಾನೆ ನೇಯುವ ಹೆಣ್ಣುಮಗಳು ‘ಎಳೆ ತಪ್ಪಿತು’ ಎನ್ನುವುದೂ ಈ ವ್ಯಾಕರಣದ ಸಹಜ ಪ್ರಯೋಗಗಳೇ. ತಪ್ಪಿತು, ತಪ್ಪಿಸಿದೆ, ಜಾರಿತು, ಜಾರಿಸಿದೆ: ಒಂದು ‘ಇಸು’ ಪ್ರತ್ಯಯದ ಹೊಸ್ತಿಲಲ್ಲಿ ಸಂಕಲ್ಪವು ಒಳಗೆ ಬರುತ್ತದೆ.

ಎರೆಯ ಸೀಮೆಯ ಒಂದು ಸಾಮಾನ್ಯ ತಂಟೆಯಿಂದ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. ನವಲಗುಂದ, ಅಣ್ಣಿಗೇರಿಗಳ ಹೊಲಗಳಲ್ಲಿ ಒಬ್ಬನ ಎತ್ತುಗಳು ಮತ್ತೊಬ್ಬನ ಬೆಳೆಯಲ್ಲಿ ಕಾಣಿಸಿಕೊಂಡರೆ, ನಡೆದುದನ್ನು ಹೇಳುವುದಕ್ಕೆ ಮೂರು ವಾಕ್ಯಗಳುಂಟು. ‘ಎತ್ತು ಮೇಯಿಸಿದ’ ಎಂದರೆ ಉದ್ದೇಶಪೂರ್ವಕವಾದ ಕಳವು. ‘ಎತ್ತು ಬಿಟ್ಟ’ ಎಂದರೆ ಮೇಯಲೆಂಬ ಸಂಕಲ್ಪವಿಲ್ಲದಿದ್ದರೂ ಕಟ್ಟಬೇಕಾದವನು ಕಟ್ಟಲಿಲ್ಲ. ‘ಎತ್ತು ಕಣ್ಣಿ ಹರಕೊಂಡು ಹೋದವು’ ಎಂದರೆ ಕಟ್ಟಿದವನ ಮೇಲೆ ತಪ್ಪಿಲ್ಲ. ಊರ ಹಿರಿಯರು ಪಂಚಾಯತಿಗೆ ಕುಳಿತಾಗ ಈ ಮೂರರಲ್ಲಿ ಯಾವುದು ನಿಜವೆಂಬುದನ್ನೇ ಮೊದಲು ಕೇಳಬೇಕಾಗುತ್ತದೆ. ಯಾಕೆಂದರೆ ದಂಡದ ಮೊತ್ತವು ಅದರ ಮೇಲೆ ನಿಲ್ಲತಕ್ಕದ್ದು. ಇಂಗ್ಲಿಷಿನ ನ್ಯಾಯಶಾಸ್ತ್ರವು ದೊಡ್ಡ ಶಬ್ದಗಳಿಂದ ಮಾಡುವ ವಿಂಗಡಣೆಯು ಇಲ್ಲಿ ಮೂರು ಸರಳ ಕ್ರಿಯಾಪದಗಳಿಂದ ಮುಗಿಯುತ್ತದೆ. ಅಲ್ಲಿ ಭೇದವು ವಿಶೇಷಣದಲ್ಲಿದೆ, ಇಲ್ಲಿ ಕ್ರಿಯೆಯಲ್ಲಿದೆ.

ಶಬ್ದಗಳೂ ಈ ಸೀಮೆಗೆ ಕಡಿಮೆಯಾಗಿಲ್ಲ. ಧಾರವಾಡ ಪ್ರಾಂತವು ೧೮೧೮ರಲ್ಲಿ ಪೇಶವೆಯರಿಂದ ಇಂಗ್ಲಿಷರ ಕೈಗೆ ಬಂದ ಮೇಲೆಯೂ ಕೆಲವು ಕಾಲ ಕಚೇರಿಯ ಬರವಣಿಗೆಯಲ್ಲಿ ಮರಾಠಿಯೇ ಮೆರೆಯಿತು. ಆ ಆಡಳಿತವು ಕನ್ನಡಕ್ಕೆ ಮಾಡಿದ ಕೇಡನ್ನು ಹೇಳುವವರು ಅದರಿಂದ ಉಳಿದ ಲಾಭವನ್ನೂ ಎಣಿಸಬೇಕು. ‘ಖಬರು’ ಎಂಬ ಅರಬ್ಬೀ ಮೂಲದ ಶಬ್ದಕ್ಕೆ ಮೊದಲ ಅರ್ಥ ಸುದ್ದಿ. ಇಲ್ಲಿಯ ಆಡುಮಾತಿನಲ್ಲಿ ಅದು ಮೈಮೇಲಿನ ಎಚ್ಚರಕ್ಕೂ ಸಲ್ಲುತ್ತದೆ, ‘ಖಬರಗೇಡಿ’ ಎಂಬ ಬೈಗಳೂ ಅದರಿಂದ ಹುಟ್ಟಿತು. ‘ಧ್ಯಾಸ’ವೆಂದರೆ ನೆನಪಿನಲ್ಲಿ ಇಟ್ಟುಕೊಂಡ ಗಮನ, ‘ಧ್ಯಾಸ ಉಳಿಯಲಿಲ್ಲ’ ಎಂಬುದು ಮರೆವಿಗೂ ಅನವಧಾನಕ್ಕೂ ನಡುವಣ ಸ್ಥಿತಿ. ‘ನದರಿಗೆ ಬೀಳಲಿಲ್ಲ’ ಎಂಬುದು ಕಣ್ಣಿನ ತಪ್ಪು. ‘ಮುದ್ದಾಂ’ ಮತ್ತು ‘ಸಹಜ’ ಎಂಬ ಜೋಡಿಯಂತೂ ಅಪೂರ್ವವಾದದ್ದು. ಕುಂದಗೋಳದವನು ಹುಬ್ಬಳ್ಳಿಯ ನೆಂಟರ ಮನೆಗೆ ಹೋಗಿ ‘ಮುದ್ದಾಂ ಬಂದೆ’ ಎಂದರೆ ಅವರಿಗಾಗಿಯೇ ಬಂದನು; ‘ಸಹಜ ಬಂದೆ’ ಎಂದರೆ ಬೇರೆ ಉದ್ದೇಶವಿಲ್ಲದೆ ಬಂದನು. ಅಚ್ಚಗನ್ನಡದ ‘ಸುಮ್ಮನೆ’ಯೂ ಇದೇ ಕೆಲಸವನ್ನು ಮಾಡುತ್ತದೆ: ಮಾತಿಲ್ಲದಿರುವುದಕ್ಕೂ ಉದ್ದೇಶವಿಲ್ಲದಿರುವುದಕ್ಕೂ ಒಂದೇ ಪದ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ‘ನಿಷ್ಕಾಳಜಿ’. ಮರಾಠಿಯಿಂದ ಬಂದ ‘ಕಾಳಜಿ’ಯು ಈಗ ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ಸಲ್ಲುವ ಶಬ್ದವಾಗಿದೆ. ಅದರ ನಿಷೇಧರೂಪವಾದ ‘ನಿಷ್ಕಾಳಜಿ’ಯು ಉತ್ತರ ಕರ್ನಾಟಕದ ಪೋಲೀಸು ಫಿರ್ಯಾದಿಗಳಲ್ಲಿ ಗಾಡಿಯ ಅಪಘಾತಗಳನ್ನು ಬಣ್ಣಿಸುವಾಗ ತಪ್ಪದೆ ಕಾಣಿಸಿಕೊಳ್ಳುತ್ತದೆ. ಓದಿದವರು ಅದನ್ನು ಗ್ರಾಮ್ಯವೆಂದು ನಗುವುದುಂಟು. ಆದರೆ ತೂಗಿ ನೋಡಿದರೆ ಅದರಲ್ಲಿ ತಿರಸ್ಕಾರದ ಲೇಶವೂ ಇಲ್ಲ. ಇರಬೇಕಾದ ಜೋಕೆ ಇರಲಿಲ್ಲವೆಂಬಷ್ಟನ್ನೇ ಅದು ಹೇಳುತ್ತದೆ. ಠಾಣೆಯ ಕಾರಕೂನನ ಲೇಖಣಿಯು ಇಲ್ಲಿ ಪತ್ರಿಕಾಕರ್ತನ ಲೇಖಣಿಗಿಂತ ನೆಟ್ಟಗೆ ನಡೆದಿದೆ.

ಕಾವ್ಯದಿಂದ ಒಂದೆರಡು ಉದಾಹರಣೆಗಳನ್ನು ತೆಗೆದರೆ ಈ ಭೇದಗಳು ಕೇವಲ ಕಚೇರಿಯವಲ್ಲವೆಂಬುದು ಮನದಟ್ಟಾಗುವುದು. ಕಾಳಿದಾಸನ ಶಾಕುಂತಲವನ್ನು ಚುರಮುರಿ ಶೇಷಗಿರಿರಾಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಸೀಮೆಯ ಆಡುಮಾತಿನ ಸೊಗಡಿನೊಡನೆ ಕನ್ನಡಕ್ಕೆ ತಂದರು. ಆ ನಾಟಕದ ಸಂವಿಧಾನವೆಲ್ಲ ಅನವಧಾನದ ಮೇಲೆ ನಿಂತಿದೆ. ದುರ್ವಾಸನು ಬಾಗಿಲಿಗೆ ಬಂದಾಗ ಶಕುಂತಲೆಯು ಪತಿಯ ಧ್ಯಾನದಲ್ಲಿ ಮೈಮರೆತಿದ್ದಳು. ಮುನಿಯು ಅವಳನ್ನು ಅತಿಥಿಯನ್ನು ಅವಮಾನಿಸಿದವಳೆಂದು ಕರೆಯುತ್ತಾನೆ. ಆದರೆ ಅದೇ ಉಸಿರಿನಲ್ಲಿ ಅವಳ ಮನಸ್ಸು ಬೇರೆಡೆ ನೆಟ್ಟಿತ್ತೆಂದೂ, ತನ್ನ ಬರವನ್ನು ಅವಳು ಅರಿಯಲಿಲ್ಲವೆಂದೂ ತಾನೇ ಹೇಳುತ್ತಾನೆ. ಎಂದರೆ ಸಾಕ್ಷ್ಯವು ಮೈಮರೆವಿನದು, ತೀರ್ಪು ತಿರಸ್ಕಾರದ್ದು. ಮುಂದೆ ದುಷ್ಯಂತನ ಮರೆವು ಶಾಪದಿಂದ ಬಂದುದು; ಉಂಗುರವು ನೀರಿನಲ್ಲಿ ಜಾರಿದುದು ಆಕಸ್ಮಿಕ. ಮೈಮರೆವು, ಮರೆವು, ಆಕಸ್ಮಿಕ ಎಂಬ ಮೂರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿದ ಕವಿಯು, ಮೊದಲನೆಯದನ್ನು ನಿರ್ಲಕ್ಷ್ಯವೆಂದು ತಿಳಿದವನ ಕೋಪದಿಂದಲೇ ಅನರ್ಥವೆಲ್ಲ ಹುಟ್ಟಿತೆಂದು ತೋರಿಸಿದ್ದಾನೆ. ಇಂದಿನ ಭಾಷಾಂತರಕಾರರು ದುರ್ವಾಸನ ಶಬ್ದಕೋಶವನ್ನೇ ಇಟ್ಟುಕೊಂಡಿರುವುದು ವಿಷಾದಕರ.

ದಶರಥನ ಕಥೆಯು ಇದರ ಮತ್ತೊಂದು ಮಗ್ಗುಲು. ಜನರು ಶ್ರವಣಕುಮಾರನೆಂದು ಕರೆಯುವ ಮುನಿಕುಮಾರನನ್ನು ಅವನು ಅರಿಯದೆ ಕೊಂದನು. ಕೊಡ ತುಂಬುವ ಸಪ್ಪಳವನ್ನು ಆನೆಯ ಸಪ್ಪಳವೆಂದು ಬಗೆದನು. ಆದರೆ ಬಾಣವನ್ನು ಅರಿಯದೆ ಬಿಡಲಿಲ್ಲ. ಕಣ್ಣಿಗೆ ಕಾಣದುದರ ಮೇಲೆ ಕಿವಿಯ ನಂಬಿಕೆಯಿಂದ ಬಾಣ ಬಿಡುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು. ಫಲದಲ್ಲಿ ಅರಿವಿಲ್ಲ, ಅಪಾಯದಲ್ಲಿ ಅರಿವುಂಟು. ಕನ್ನಡದಲ್ಲಿ ಇದಕ್ಕೆ ‘ದುಡುಕು’ ಎಂಬ ಸೊಗಸಾದ ಶಬ್ದವುಂಟು; ‘ರೆಕ್‌ಲೆಸ್’ ಎಂಬುದಕ್ಕೆ ಬೇರೆ ಪದವನ್ನು ಹುಡುಕುತ್ತ ಅಲೆಯಬೇಕಾದುದಿಲ್ಲ. ಧರ್ಮಶಾಸ್ತ್ರಕಾರರೂ ಈ ವಿಷಯದಲ್ಲಿ ಎಚ್ಚರವಾಗಿದ್ದರು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಬಯಸಿ ಮಾಡಿದ ಪಾಪಕ್ಕೂ ಬಯಸದೆ ಆದ ಪಾಪಕ್ಕೂ ಬೇರೆ ಬೇರೆ ಪ್ರಾಯಶ್ಚಿತ್ತವನ್ನು ಹೇಳುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿ, ಬರಿಯ ಪ್ರಾಣಹಾನಿಯನ್ನು ಹಿಂಸೆಯಿಂದ ಬೇರ್ಪಡಿಸಿತು. ಪಂಪನ ತಾಯಿ ಅಬ್ಬಣಬ್ಬೆಯ ತವರಾದ ಅಣ್ಣಿಗೇರಿಯ ಸೀಮೆಗೆ ಈ ಜೈನಪರಿಭಾಷೆಯು ಹೊಸತಲ್ಲ. ‘ಪ್ರಮಾದ’ವು ಇಂದು ದೊಡ್ಡ ತಪ್ಪು ಎಂಬರ್ಥಕ್ಕೆ ಜಾರಿದೆಯಾದರೂ, ಶಾಸ್ತ್ರೀಯ ಬರವಣಿಗೆಯಲ್ಲಿ ಅದರ ಮೂಲಾರ್ಥವನ್ನು ಮತ್ತೆ ಎತ್ತಿ ನಿಲ್ಲಿಸಬಹುದು.

ಇದು ಪಂಡಿತರ ಕಾಲಕ್ಷೇಪವಲ್ಲವೆಂಬುದಕ್ಕೆ ಕಾಯಿದೆಯೇ ಸಾಕ್ಷಿ. ೧೮೬೦ರ ಭಾರತೀಯ ದಂಡಸಂಹಿತೆಯಲ್ಲಿ ಮೊದಲು ಇಲ್ಲದಿದ್ದ ೩೦೪ಎ ಕಲಮು ೧೮೭೦ರಲ್ಲಿ ಸೇರಿತು. ದುಡುಕಿನಿಂದಾಗಲಿ ಜೋಕೆಗೇಡಿತನದಿಂದಾಗಲಿ ಆದ ಮರಣಕ್ಕೆ ಅದು ಎರಡು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮು ಆ ಮಿತಿಯನ್ನು ಸಾಮಾನ್ಯವಾಗಿ ಐದು ವರ್ಷಗಳಿಗೆ ಏರಿಸಿದೆ. ಕೊಲೆಯ ಶಿಕ್ಷೆಯಾದರೋ ಮರಣ ಅಥವಾ ಆಜೀವ ಕಾರಾವಾಸ. ಈ ಎರಡರ ನಡುವಣ ಕಂದಕವನ್ನು ದಾಟಿಸುವ ಸೇತುವೆಯು ಮನಸ್ಸಿನ ಸ್ಥಿತಿಯೊಂದೇ. ಆ ಸ್ಥಿತಿಯು ನ್ಯಾಯಾಧೀಶನಿಗೆ ತಿಳಿಯುವುದು ಬಹಳ ಮಟ್ಟಿಗೆ ಮಾತುಗಳಿಂದ. ಹಳ್ಳಿಯ ಸಾಕ್ಷಿದಾರನು ಕನ್ನಡದಲ್ಲಿ ನುಡಿಯುತ್ತಾನೆ. ಉಚ್ಚ ನ್ಯಾಯಾಲಯದ ವ್ಯವಹಾರವಾದರೋ ಇಂಗ್ಲಿಷಿನಲ್ಲಿ. ಧಾರವಾಡದಲ್ಲಿ ೨೦೦೮ರಲ್ಲಿ ಸಂಚಾರಿಯಾಗಿ ಬಂದು ೨೦೧೩ರಲ್ಲಿ ಕಾಯಮ್ಮಾದ ಪೀಠದಿಂದ ದಾರಿಯೇನೋ ಹತ್ತಿರವಾಯಿತು, ಭಾಷೆಯ ದೂರವು ಹಾಗೆಯೇ ಉಳಿಯಿತು. ಆ ದಾರಿಯಲ್ಲಿ ‘ನನ್ನ ಕೈಯಿಂದ ಆತು’ ಎಂಬ ಮಾತು ‘ನಾನೇ ನನ್ನ ಕೈಯಾರೆ ಮಾಡಿದೆ’ ಎಂಬರ್ಥದ ಇಂಗ್ಲಿಷಾಗಿ ಹೊರಳಿದರೆ ಆಗುವ ಅನರ್ಥವನ್ನು ಊಹಿಸಬಹುದು. ಕೈಯಿಂದ ಆಗುವುದೂ ಕೈಯಾರೆ ಮಾಡುವುದೂ ಕನ್ನಡದಲ್ಲಿ ಎದುರು ದಿಕ್ಕಿನವು. ಒಂದು ಕೈಯನ್ನು ಮನಸ್ಸಿನಿಂದ ಬೇರ್ಪಡಿಸುತ್ತದೆ, ಮತ್ತೊಂದು ಕೈಯ ಜೊತೆಗೆ ಮನಸ್ಸನ್ನು ಕಟ್ಟುತ್ತದೆ. ಇದನ್ನರಿಯದ ಭಾಷಾಂತರವು ಒಬ್ಬನ ಬಾಯಿಂದಲೇ ಅವನು ಆಡದ ಒಪ್ಪಿಗೆಯನ್ನು ಹೊರಡಿಸುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕನ್ನಡದ ಈ ಕರ್ತೃವಿಲ್ಲದ ವಾಕ್ಯಗಳು ಹೊಣೆಗೇಡಿಗಳಿಗೆ ಆಶ್ರಯವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತವೆಂಬುದನ್ನು ಅಲ್ಲಗಳೆಯಲಾಗದು. ‘ತಪ್ಪು ಮಾಡಿದೆವು’ ಎನ್ನಬೇಕಾದಲ್ಲಿ ‘ತಪ್ಪಾಗಿದೆ’ ಎಂದೂ, ಹಣವನ್ನು ತಡೆದಿಟ್ಟವರೇ ‘ಕಣ್ತಪ್ಪಿನಿಂದ ಉಳಿದುಹೋಗಿದೆ’ ಎಂದೂ ಬರೆಯುವ ಕಚೇರಿಯ ಶೈಲಿಯು ಯಾರಿಗೆ ತಿಳಿಯದು? ಆದರೆ ಈ ಮೋಸವನ್ನು ಹಿಡಿಯುವ ಶಬ್ದವೂ ಕನ್ನಡದಲ್ಲಿಯೇ ಇದೆ. ‘ಜಾಣಗಿವುಡು’, ‘ಜಾಣಮರೆವು’, ‘ಕಂಡೂ ಕಾಣದಂತೆ’ ಎಂಬ ಮಾತುಗಳನ್ನು ಹುಟ್ಟಿಸಿದ ಜನರು ನಿಜವಾದ ಅನವಧಾನವನ್ನೂ ನಟನೆಯ ಅನವಧಾನವನ್ನೂ ಬೇರ್ಪಡಿಸಲು ಬಲ್ಲವರು. ಒಂದು ರೂಪವು ದುರುಪಯೋಗವಾಗುವುದೆಂದು ಅದನ್ನು ತ್ಯಜಿಸಿದರೆ, ಅದರ ನಿಜವಾದ ಹಕ್ಕುದಾರನಾದ ನಿರಪರಾಧಿಗೆ ಆಡಲು ಮಾತೇ ಉಳಿಯದು.

ಹೊಸ ಶಬ್ದಗಳನ್ನು ಟಂಕಿಸುವ ಅವಸರವೂ ಬೇಡ, ಇಂಗ್ಲಿಷು ಶಬ್ದಗಳನ್ನೇ ಹಾಗೆಯೇ ಉಳಿಸಿಕೊಳ್ಳುವ ಆಲಸ್ಯವೂ ಬೇಡ. ಅರಿವಿಲ್ಲದುದಕ್ಕೆ ಅರಿಯದೆ, ಗಮನ ತಪ್ಪಿದುದಕ್ಕೆ ಅನವಧಾನ ಅಥವಾ ಕಣ್ತಪ್ಪು, ಪರಿವೆಯಿಲ್ಲದುದಕ್ಕೆ ಮೈಮರೆವು, ಜೋಕೆ ತಪ್ಪಿದುದಕ್ಕೆ ನಿಷ್ಕಾಳಜಿ ಅಥವಾ ಪ್ರಮಾದ, ಅಪಾಯವನ್ನು ಲೆಕ್ಕಿಸದುದಕ್ಕೆ ದುಡುಕು, ತಾನಾಗಿ ಆದುದಕ್ಕೆ ಆಕಸ್ಮಿಕ, ಬೇಕೆಂದೇ ಎಣಿಸದುದಕ್ಕೆ ಮಾತ್ರ ನಿರ್ಲಕ್ಷ್ಯ: ಇಷ್ಟನ್ನು ಬರೆಯುವವರು ಪಾಲಿಸಿದರೆ ಸಾಕು. ಇವುಗಳಲ್ಲಿ ಒಂದಾದರೂ ಓದಿದ ಮನೆತನಗಳಿಗೆ ಅಪರಿಚಿತವಾದುದಲ್ಲ. ಭಂಡಾರದಲ್ಲಿ ಏಳು ನಾಣ್ಯಗಳಿರುವಾಗ ಒಂದನ್ನೇ ಎಲ್ಲ ಬೆಲೆಗಳಿಗೂ ಕೊಡುತ್ತ ಹೋಗುವುದು ಬಡತನವಲ್ಲ, ಅದೂ ಒಂದು ಬಗೆಯ ನಿಷ್ಕಾಳಜಿಯೇ. ಅದರ ದಂಡವನ್ನು ತೆರುವವನು ಮಾತ್ರ ಬರೆದವನಲ್ಲ, ಯಾರ ಮೇಲೆ ಬರೆಯಲ್ಪಟ್ಟಿತೋ ಅವನು.